ಗುರುತು ಬಿತ್ತು

ಸವಿತಾ, ನಿನ್ನ ಅಪ್ಪ ಆಸ್ಪತ್ರೆಗೆ ಹೋಗದೆ ಉಳಿದದ್ದು ನಿನ್ನ ಬಾಣಂತನಕ್ಕಾಗಿ ಅಲ್ಲ. ನಾನು "ತಡ್ಕೊ" ಅಂದದ್ದಕ್ಕೆ. ಇಷ್ಟು ವರ್ಷ ಈ ಮಾತನ್ನು ನುಂಗಿಕೊಂಡು ನಿನ್ನ ಮನೆಯಲ್ಲಿ ಉಂಡಿದ್ದೇನೆ, ನಿನ್ನ ಬಾಯಲ್ಲಿ ಅಣ್ಣ ಅನ್ನಿಸಿಕೊಂಡಿದ್ದೇನೆ — ನೀನು ಅಳುವಾಗ ಪಕ್ಕದಲ್ಲೇ ಕೂತಿದ್ದೇನೆ. ಇನ್ನು ಆಗುವುದಿಲ್ಲ. ಎದುರು ನಿಂತು ಹೇಳುವ ಧೈರ್ಯವೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನಪ್ಪ, ನನ್ನ ಚಿಕ್ಕಪ್ಪ, ಹೊಂಗಡಹಳ್ಳದ ಕಡೆಯ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ, ಕಾಂಡ ಕೊರೆಯುವ ಬೋರರ್ ಹುಳ ಹೊಕ್ಕ ಕಾಫಿ ಗಿಡಗಳನ್ನು ಹುಡುಕುವ ರೀತಿ ನಿನಗೂ ಗೊತ್ತಲ್ಲ. ಡಿಗ್ರಿ ಓದುವಾಗ ರಜಕ್ಕೆ ಬಂದರೆ ನಾನೂ ಅವರ ಹಿಂದೆ ತೋಟ ಸುತ್ತುತ್ತಿದ್ದೆ. ಎಲೆ ಹಳದಿಯಾದ ಗಿಡ ಕಂಡರೆ ಸಾಕು, ಬಗ್ಗಿ ಕಾಂಡದ ಮೇಲೆ ಹೆಬ್ಬೆರಳು ಸವರುವರು. ಉಬ್ಬು ಗೆರೆ ಸಿಕ್ಕಿದರೆ ಕೆಂಪು ಬಣ್ಣ ಬಳಿದು "ಗುರುತು ಬಿತ್ತು!" ಎಂದು ಕೂಗುವರು. ಹಿಂದೆ ಬರುವ ಆಳುಗಳು ಗಿಡ ಕಿತ್ತು ಸುಡಬೇಕು. ಗುರುತು ಬಿದ್ದ ಗಿಡ ಹಸಿರಾಗಿ ನಿಂತಿದ್ದರೂ ಅವರ ಪಾಲಿಗೆ ಸತ್ತಂತೆಯೇ. ಆಳುಗಳ ಲೈನ್‌ಮನೆಗಳ ಹೆಂಗಸರಂತೂ ಮುಗಿದುಹೋದ ಯಾವ ಸಂಗತಿಗೂ "ಗುರುತು ಬಿತ್ತು ಬುಡಿ" ಅನ್ನುತ್ತಿದ್ದರು.

ಆಮೇಲೆ ನಾನು ಮೈಸೂರಿನ ಪ್ರಯೋಗಾಲಯ ಸೇರಿದೆ. ಕ್ಯಾನ್ಸರ್ ಬೆಳೆಸುವ ಕೆಲವು ಪ್ರೋಟೀನುಗಳು ಯಾವ ಔಷಧಿಗೂ ಬಗ್ಗುವುದಿಲ್ಲ. ಆದರೆ ಬೇಡದ ಪ್ರೋಟೀನನ್ನು ಚೂರು ಮಾಡುವ ಏರ್ಪಾಡು ಜೀವಕೋಶದೊಳಗೇ ಇದೆ. ಮೊದಲು ಅದರ ಮೇಲೊಂದು ಗುರುತು ಬೀಳಬೇಕು, ಅಷ್ಟೇ. ಒಂದು ತುದಿ ಕೆಟ್ಟ ಪ್ರೋಟೀನನ್ನೂ ಇನ್ನೊಂದು ತುದಿ ಗುರುತು ಹಾಕುವ ಕಿಣ್ವವನ್ನೂ ಹಿಡಿದು ಒಟ್ಟಿಗೆ ತರುವಂಥ ಔಷಧಿ ಕಟ್ಟುವುದು ನಮ್ಮ ಕೆಲಸವಾಗಿತ್ತು. ಚಿಕ್ಕಪ್ಪನಿಗೆ ವಿವರಿಸಿದಾಗ ನಕ್ಕುಬಿಟ್ಟರು. "ಇದಕ್ಕೆ ಇಷ್ಟೆಲ್ಲ ಓದ್ಬೇಕಿತ್ತೇನೋ ಮಾರಾಯ? ನಮ್ ಬೋರರ್ ಕೆಲ್ಸಾನೇ ಅಲ್ವೇನೋ ಇದು!"

ಅವರ ಮೂಳೆಯೊಳಗೇ ಆ ಕಾಯಿಲೆ ಕೂತಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಚಿಕಿತ್ಸೆಗೆ ಅವರು ಸುಧಾರಿಸಿದ್ದು, ಎರಡು ವರ್ಷಕ್ಕೆ ಅದು ಮರಳಿ ಬಂದದ್ದು ನಿನಗೆ ಗೊತ್ತು. ನೀನಾಗ ಏಳು ತಿಂಗಳ ಬಸುರಿ. ಬೇರೆ ಔಷಧಿ ಈ ವಾರವೇ ಶುರುವಾಗಬೇಕು, ಪೂರ್ತಿ ವಾಸಿಯಾಗದಿದ್ದರೂ ಒಂದೆರಡು ವರ್ಷ ಸಿಕ್ಕೀತು ಎಂದು ಡಾಕ್ಟರು ಹೇಳಿದ್ದರು. ಅದೇ ವಾರ ನಮ್ಮ ಪರೀಕ್ಷೆಯಲ್ಲಿ ಮೊದಲ ಸಲ ಪ್ರೋಟೀನಿನ ಮೇಲೆ ಗುರುತು ಕಂಡಿತು. ತಲೆಗೆ ಕೋಡು ಮೂಡಿದಂತಾಗಿ ಎಸ್ಟೇಟಿನ ಸ್ಟೋರಿಗೆ ಫೋನು ಮಾಡಿ ಅವರನ್ನು ಕರೆಸಿದೆ.

"ಚಿಕ್ಕಪ್ಪ, ಗುರುತು ಬಿತ್ತು!"

ಆ ಮಾತು ಅವರ ಕಿವಿಗೆ ಹೇಗೆ ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ತಟ್ಟೆಯಲ್ಲಿ ಬೆಳೆಸಿದ ಒಂದಿಷ್ಟು ಜೀವಕೋಶದ ಮಾತಿದು, ಮನುಷ್ಯರ ಮೈಗೆ ಬರಲು ಹತ್ತಾರು ವರ್ಷ ಬೇಕು, ಬರದೆಯೂ ಇರಬಹುದು — ಇದನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು. ಹೇಳಲಿಲ್ಲ. ಅವರ ಉಸಿರಿನಲ್ಲೇ ಸಂತೋಷ ಕೇಳುತ್ತಿತ್ತು, ಅದು ನನ್ನಿಂದ ಬಂದ ಸಂತೋಷ ಎಂಬ ಜಂಭ —

"ಹಂಗಾದ್ರೆ ಆ ಹಾಳು ಸೂಜಿ ಬ್ಯಾಡ ಅನ್ನು. ವಾಂತಿ ಮಾಡಿ ಮಾಡಿ ಸಾಕಾಗೈತೆ ಕಣೋ."

"ಸ್ವಲ್ಪ ತಡ್ಕೊ ಚಿಕ್ಕಪ್ಪ. ಯಾರಿಗೂ ಹೇಳ್ಬೇಡ, ಲ್ಯಾಬಿನ ವಿಷಯ ಹೊರಗೆ ಹೋಗ್ಬಾರ್ದು."

ಅವರು ಹೇಳಲಿಲ್ಲ, ಚಿಕ್ಕಮ್ಮನಿಗೂ. ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದವರಿಗೆಲ್ಲ "ಮಗಳ ಬಾಣಂತನ ಮುಗೀಲಿ" ಅಂದರು. ಅದು ನನ್ನ ಗುಟ್ಟು ಕಾಯಲು ಅವರು ಹೇಳಿದ ಸುಳ್ಳು, ಸವಿತಾ. ಅವರ ಜೀವಮಾನದಲ್ಲಿ ಅವರು ಹೇಳಿದ ಸುಳ್ಳೆಂದು ನನಗೆ ಗೊತ್ತಿರುವುದು ಅದೊಂದೇ.

ಮೂರು ವಾರಕ್ಕೆ ಮುಂದಿನ ಪರೀಕ್ಷೆ ಬಂತು. ಗುರುತು ಬಿದ್ದಿತ್ತು, ಪ್ರೋಟೀನು ಮಾತ್ರ ಕಲ್ಲುಗುಂಡಿನ ಹಾಗೆ ಇದ್ದಲ್ಲೇ ಇತ್ತು. ಚೂರು ಮಾಡಬೇಕಾದ ಏರ್ಪಾಡು ಅದನ್ನು ಮುಟ್ಟಿಯೇ ಇರಲಿಲ್ಲ. ಮತ್ತೆ ಮಾಡಿದೆವು, ಮತ್ತೆ ಅದೇ. ಅವತ್ತೇ ಬಸ್ಸು ಹತ್ತಿ ಬಂದು ಅವರ ಕೈಹಿಡಿದು ಆಸ್ಪತ್ರೆಗೆ ಎಳೆದೊಯ್ಯಬೇಕಿತ್ತು. ಥೂ, ಒಂದು ಫೋನು ಕೂಡ ಮಾಡಲಿಲ್ಲ. ಸೋತೆ ಅನ್ನಲು ನಾಚಿಕೆ — ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ನಿನಗೆ ಹೆರಿಗೆಯಾದ ಮೇಲೆ ಅವರೇ ಫೋನು ಮಾಡಿದರು. ದನಿ ಬಹಳ ಇಳಿದಿತ್ತು. ಮೊಮ್ಮಗಳ ಮೂಗು ತಮ್ಮದೇ ಎಂದು ಹೇಳಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

"ಏನಪ್ಪಾ, ಕೀಳೋರು ಬಂದ್ರಾ?"

ಇನ್ನೂ ಹೊತ್ತು ಮೀರಿರಲಿಲ್ಲವೇನೋ. ಇಲ್ಲ ಚಿಕ್ಕಪ್ಪ, ನಾಳೆಯೇ ಆಸ್ಪತ್ರೆಗೆ ಹೋಗು ಎನ್ನಬಹುದಿತ್ತು. ನಾನು ಹೇಳಿದ್ದು —

"ದಾರೀಲವ್ರೆ ಚಿಕ್ಕಪ್ಪ."

ನಿನ್ನ ಮಗು ಮಾನಸಳಿಗೆ ಮೂರು ತಿಂಗಳು ತುಂಬುವ ಮೊದಲೇ ಅವರು ಹೋದರು.

ಹನ್ನೊಂದನೇ ದಿನ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಹಿತ್ತಲ ಕಲ್ಲಿನ ಮೇಲೆ ಕೂತು ನೀನು ಅಂದೆ: "ನನ್ ಬಾಣಂತನಕ್ಕೆ ಅಂತ ನಿಂತು ಅಪ್ಪ ಹೋಗ್ಬುಟ್ರು ಕಣಣ್ಣ. ಇದೊಂದು ಹುಟ್ದೇ ಇದ್ದಿದ್ರೆ…" ನೆಂಟರೂ ಅದನ್ನೇ ಆಡಿಕೊಳ್ಳುತ್ತಿದ್ದರು. ನಾನು ನಿನ್ನ ತಲೆ ಸವರಿ "ಹಂಗೆಲ್ಲ ಅನ್ಬಾರ್ದಮ್ಮ" ಎಂದೆ. ಎಷ್ಟು ಒಳ್ಳೆಯ ಅಣ್ಣ ನೋಡು! ಎಲೆ ಹಾಕಿದಾಗ ಹೋಗಿ ಊಟಕ್ಕೂ ಕೂತೆ.

ಈಗ ಆ ಬಗೆಯ ಔಷಧಿಗಳನ್ನು ಎಲ್ಲೆಲ್ಲಿಯವರೋ ಕಟ್ಟುತ್ತಿದ್ದಾರೆ. ನಾನು ಪಾಠ ಹೇಳಿಕೊಂಡಿದ್ದೇನೆ. ವಿದ್ಯಾರ್ಥಿಗಳಿಗೆ ಬೋರರ್ ಗಿಡದ ಕತೆ ಹೇಳುತ್ತೇನೆ, ಬಹಳ ಮೆಚ್ಚುತ್ತಾರೆ. ಅದು ಯಾರ ಮಾತೆಂದು ಇವತ್ತಿನವರೆಗೆ ಹೇಳಿಲ್ಲ.

ಹೋದ ವಾರ ಮಾನಸ ಫೋನಿನಲ್ಲಿ ಕೇಳಿದಳು. "ಮಾಮ, ನಮ್ಮನೇಲಿ ನನ್ ಹುಟ್ಟಿದಬ್ಬ ಯಾಕೆ ಮಾಡಲ್ಲ? ಕೇಳಿದ್ರೆ ಅಮ್ಮ ಎದ್ದು ಹೋಗ್ತಾರೆ. ನಾನೇನು ತಪ್ಪು ಮಾಡಿದೀನಿ?"

ಏನೂ ಇಲ್ಲ, ಮಗಳೇ, ಎಂದೆ. ತಪ್ಪು ಯಾರದೆಂದು ಹೇಳದೆ ಫೋನು ಇಟ್ಟೆ.

ಈ ಕಾಗದವನ್ನು ಅವಳಿಗೂ ಓದಿ ಹೇಳು. ಆಡಿಕೊಂಡ ನೆಂಟರಿಗೂ ಚಿಕ್ಕಮ್ಮನಿಗೂ ನಾನೇ ಹೇಳುತ್ತೇನೆ, ಆ ಕೆಲಸ ನಿನಗೆ ಬೇಡ. ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಒಂದನ್ನು ಮಾತ್ರ ಕೇಳುತ್ತೇನೆ. ಈ ಸಲ ಮಾನಸ ಹುಟ್ಟಿದ ದಿನ ಮನೆಯಲ್ಲಿ ಪಾಯಸ ಮಾಡು. ಅವಳಿಂದ ಯಾರೂ ಸಾಯಲಿಲ್ಲ.

ನನ್ನನ್ನು ಕರೆಯಬೇಡ.