ಮೂಡಲ ಇಳಿಜಾರಿನ ಬಿಸಿಲು

ಈ ಬೆಳಿಗ್ಗೆ ತೋಟದ ಮೇಲಿನ ಗುಡ್ಡದಲ್ಲಿ ಕಾಡುಕೋಳಿ ಕೂಗಿತು. ಸೋಮವಾರಪೇಟೆ ಕಡೆಯವರಿಗೆ ಅದೇನೂ ವಿಶೇಷವಲ್ಲ. ಹೊಸದಾಗಿ ಕೇಳಿದರೆ ನಿಮಗೆ ಖುಷಿಯೂ ಆದೀತು. ನಾನು ಕಿಟಕಿ ಮುಚ್ಚಿದೆ.

ಕೋಳಿಬೇಟೆಯ ವಿದ್ಯೆ ಕಲಿಸಿದವರು ಅಕ್ಕನ ಗಂಡ, ನನ್ನ ಭಾವ. ಇಬ್ಬನಿಗೆ ನೆನೆದ ಕೋಳಿ ಬೆಳಿಗ್ಗೆ ಮೂಡಲ ಇಳಿಜಾರಿಗೇ ಬಂದು ರೆಕ್ಕೆ ಒಣಗಿಸಿಕೊಳ್ಳುತ್ತದೆ, ತರಗೆಲೆ ಕೆದಕುತ್ತದೆ. ಪಡುವಣ ಮಗ್ಗುಲಿಗೆ ಬಿಸಿಲು ಬರುವುದು ಒಂಬತ್ತರ ಮೇಲೆ. ಅಲ್ಲಿ ಕೂತವನಿಗೆ ಸಿಗುವುದು ಜಿಗಣೆ ಮಾತ್ರ. ಈ ಪಾಠವನ್ನು ನಾನು ಮೂರು ಸಲ ಕಲಿತಿದ್ದೇನೆ. "ಕೆಳಗೆ ಕೂರ್ಬೇಕು ಮಾರಾಯ, ಬಿಸಿಲು ಬೆನ್ನಿಗಿರ್ಬೇಕು. ಕಣ್ಣಿಗೆ ಬಿಸಿಲು ಬಿದ್ದೋನು ಕೋವಿ ಎತ್ತಬಾರ್ದು" ಎನ್ನುತ್ತಿದ್ದರು. ಆಮೇಲೆ ಒಣ ಎಲೆಗಳನ್ನು ಕೈಯಲ್ಲೇ ಪರಪರ ಕೆದಕುತ್ತಿದ್ದರು. ಇನ್ನೊಂದು ಕೋಳಿ ಮೇಯುತ್ತಿದೆ ಎಂದುಕೊಂಡು ಹುಂಜ ಹತ್ತಿರ ಬರುತ್ತಿತ್ತು. ಬೇಟೆ ಅಪರಾಧವೆಂದು ಇಬ್ಬರಿಗೂ ಗೊತ್ತಿತ್ತು, ಬಾಯಿಚಪಲ ಬಿಡಲಿಲ್ಲ.

ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ನನಗೆ ಬುದ್ಧಿ ಹೆಚ್ಚಾಯಿತು. ಬೆದರಿದ ಕೋಳಿ ಗುಡ್ಡದ ಮೇಲಕ್ಕೇ ಓಡುತ್ತದಲ್ಲ, ನೆತ್ತಿಯಲ್ಲೇ ಕಾದರೆ? ಭಾವನಿಗೆ ಹೇಳದೆ ಹಿಂದಿನಿಂದ ಹತ್ತಿದೆ. ಅಲ್ಲಿಂದ ಕೆಳಗೆ ನೋಡಿದರೆ ಸೂರ್ಯ ನೇರ ಮುಖಕ್ಕೆ. ಪೊದೆಯ ಆಚೆ ಎಲೆ ಕೆದಕುವ ಸದ್ದು. ಏನೋ ಕಪ್ಪಗೆ ಅಲುಗಿತು. ಹೊಡೆದೆ.

ಅದು ಭಾವನ ಕೈಯ ಸದ್ದು. ನನ್ನ ಕೋವಿಯ ಚರೆಗಳು ಅವರ ಎರಡೂ ಕಣ್ಣು ತೆಗೆದವು.

ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ, ಮುಖಕ್ಕೆ ಟವೆಲ್ ಒತ್ತಿಕೊಂಡೇ ಹೇಳಿದರು: "ನನ್ನ ಕೋವಿ ನನ್ನ ಕೈಯಲ್ಲೇ ಹಾರ್ತು. ಸದ್ದು ಕೇಳಿ ನೀನು ಓಡಿ ಬಂದೆ, ಅಷ್ಟೇ. ನಿಮ್ಮಕ್ಕಂಗೂ ಇದನ್ನೇ ಹೇಳು." ಪೊಲೀಸರ ಮುಂದೆಯೂ ಹಾಗೆಯೇ ಹೇಳಿದರು. ನಾನು ಹೂಂ ಎಂದೆ. ಹೇಡಿ ನಾನು.

ಅಂದಿನಿಂದ ಅಕ್ಕ ಅನ್ನ ಕಲಸಿ ಕೊಡುವಾಗಲೆಲ್ಲ, "ಕೈಯಾರೆ ಕಣ್ಣು ಕಳ್ಕೊಂಡ್ರಲ್ಲ, ನನ್ನನ್ನೂ ಹಾಳು ಮಾಡಿದ್ರಿ" ಎಂದು ಬೈಯುತ್ತಾಳೆ. ಭಾವ ಉಣ್ಣುತ್ತಾರೆ. ನನಗಾದರೋ ಹುಡುಕಿ ಹುಡುಕಿ ಒಳ್ಳೆಯ ತುಂಡು ಬಡಿಸುತ್ತಾಳೆ, ಗಂಡನ ಜೀವ ಉಳಿಸಿದ ತಮ್ಮನೆಂದು. ನಾನು ತಿನ್ನುತ್ತೇನೆ.

ಇವತ್ತು ಅವರ ಮನೆಗೆ ಹೋದೆ. ಅಕ್ಕ ನನಗೆ ಕಾಫಿ ಕೊಟ್ಟಳು, ಭಾವನಿಗೆ ಅದೇ ಬೈಗುಳ. ತಡೆಯಲಾಗಲಿಲ್ಲ. "ಅಕ್ಕ, ಹೊಡೆದದ್ದು ನಾನು" ಎಂದೆ. ಉಳಿದದ್ದನ್ನೂ ಹೇಳಿದೆ. ಅರ್ಧ ಕುಡಿದ ಲೋಟವನ್ನು ಅವಳು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಭಾವ ನನ್ನ ಕಡೆ ಮುಖ ತಿರುಗಿಸಿದರು. ಅವರ ಸಿಟ್ಟನ್ನು ನಾನು ಕಂಡದ್ದು ಅದೇ ಮೊದಲು.

"ಹಗುರ ಆಯ್ತಾ ನಿಂಗೆ? ಗಂಡನ್ನ ಬೈಕೊಂಡು ಹೆಂಗೋ ಬದುಕಿದ್ಲು. ಈಗ ಅವಳಿಗೆ ತಮ್ಮನೂ ಇಲ್ದಂಗೆ ಮಾಡ್ದೆಯಲ್ಲೋ."