ಟಿಕ್ ಅಂದಾಗ ಬಿಡುವ ಬಾಣ

ಸಿಗಡಿಯ ತಲೆಯ ಮುಳ್ಳು ಬೆರಳಿಗೆ ಹೊಕ್ಕಿದ್ದು ವೈಜಯಂತಿಗೆ ಗೊತ್ತಾದದ್ದು ಐಸಿನ ಮೇಲೆ ಕೆಂಪು ಕಂಡಾಗ. ಶನಿವಾರ, ಬೆಳಗಿನ ಏಳು ಗಂಟೆ. ಅಂಕೋಲೆಯ ಹೊರವಲಯದ ಮೀನಿನ ಶೆಡ್ಡಿನಲ್ಲಿ ಉದ್ದನೆಯ ಮೇಜಿನ ಎರಡೂ ಬದಿಗೆ ಹನ್ನೆರಡು ಹೆಂಗಸರು ನಿಂತು ಸಿಗಡಿ ಆರಿಸುತ್ತಿದ್ದರು. ರಕ್ತ ಯಾರದೆಂದು ಒಬ್ಬೊಬ್ಬರೂ ಕೈ ಎತ್ತಿ ನೋಡಿಕೊಂಡರು. ಅವಳೂ ನೋಡಿಕೊಂಡಳು. ಬಲಗೈಯ ನಡುಬೆರಳು.

“ಬೆರಳೇ ಕತ್ತರಿಸಿ ಬುಟ್ಟಿಗೆ ಹಾಕಿರೂ ನಿಂಗೆ ಗೊತ್ತಾಗೂದಿಲ್ಲ ಮಾರಾಯ್ತಿ,” ಎಂದಳು ಎದುರಿಗೆ ನಿಂತ ಗಂಗೂ. “ದೊಡ್ಡ ಸಿಗಡಿ ಹೇಳಿ ಗೋವೆಗೆ ಕಳಿಸ್ತಾರೆ.”

ಎಲ್ಲರೂ ನಕ್ಕರು. ವೈಜಯಂತಿ ಬೆರಳಿಗೆ ಪ್ಲಾಸ್ಟರ್ ಸುತ್ತಿ ಮತ್ತೆ ಕೈ ಐಸಿಗೆ ಹಾಕಿದಳು. ಶೆಡ್ಡಿನಲ್ಲಿ ಗ್ಲೌಸು ಕೊಡುತ್ತಾರೆ. ಹಾಕಿಕೊಂಡರೆ ಸಿಗಡಿಯ ಗಾತ್ರ ಬೆರಳಿಗೆ ತಿಳಿಯುವುದಿಲ್ಲ, ಕೈ ನಿಧಾನವಾಗುತ್ತದೆ. ಹಾಗಾಗಿ ಎಲ್ಲರೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಒಂಬತ್ತು ವರ್ಷ ಹೀಗೆ ಮಾಡಿದ ಮೇಲೆ ಅವಳ ಬಲಗೈಯ ಮೂರು ಬೆರಳ ತುದಿ ಮರಗಟ್ಟಿವೆ. ಮೊದಲು ಜುಮುಗುಡುತ್ತಿದ್ದವು. ಈಗ ಅದೂ ಇಲ್ಲ. ಸಿಗಡಿಯನ್ನು ಅವಳು ಕಣ್ಣಿನಿಂದಲೇ ಆರಿಸುತ್ತಾಳೆ.

ಬಿಲ್ಲಿನ ಹೆದೆ ಎಳೆಯುವುದೂ ಅದೇ ಮೂರು ಬೆರಳು.

ಬೆಳಂಬಾರದ ವೈಜಯಂತಿಗೆ ಮೂವತ್ತೊಂದು ವರ್ಷ. ಗಂಡ ಕಿಶನ ದೊಡ್ಡ ಬಲೆಯ ಪರ್ಸೀನ್ ಬೋಟಿನಲ್ಲಿ ಮೀನು ಹಿಡಿಯಲು ಹೋಗುತ್ತಾನೆ. ಬಿದಿರಿನ ಬಿಲ್ಲು ಮೊದಲ ಸಲ ಅವಳ ಕೈಗೆ ಬಂದದ್ದು ಆರು ವರ್ಷದ ಹಿಂದೆ, ಹಿಲ್ಲೂರಿನ ಅನಂತಮೂರ್ತಿಯವರಿಂದ. ಹೈಸ್ಕೂಲಿನಲ್ಲಿ ವ್ಯಾಯಾಮದ ಮಾಸ್ತರರಾಗಿದ್ದು ನಿವೃತ್ತರಾದ ಅವರು ಅಂಕೋಲೆಯಲ್ಲಿ ಒಂದು ಸಣ್ಣ ಬಿಲ್ಲುಗಾರರ ಕ್ಲಬ್ಬು ನಡೆಸುತ್ತಾರೆ. ಕ್ಲಬ್ಬಿನ ಹೆಂಗಸರ ಪಾಲಿಗೆ ಒಳ್ಳೆಯ ಬಿಲ್ಲು ಇರುವುದು ಮೂರೇ. ಪ್ರತಿ ನವೆಂಬರಿನಲ್ಲಿ ಆಯ್ಕೆ ನಡೆಯುತ್ತದೆ. ಮೊದಲ ಮೂವರು ರಾಜ್ಯದ ಕೂಟಕ್ಕೆ ಹೋಗುತ್ತಾರೆ, ವರ್ಷವಿಡೀ ಆ ಬಿಲ್ಲುಗಳನ್ನು ಮನೆಯಲ್ಲಿಟ್ಟುಕೊಳ್ಳುತ್ತಾರೆ. ಉಳಿದವರು ಭಾನುವಾರ ಮೈದಾನಕ್ಕೆ ಬಂದು ಸೀಳುಬಿಟ್ಟ ಹಳೆಯ ಬಿಲ್ಲುಗಳಲ್ಲಿ ಸರದಿಯ ಮೇಲೆ ಹೊಡೆಯಬೇಕು. ವೈಜಯಂತಿಯ ಮನೆಯ ಮಾಡಿನ ಕೆಳಗೆ ಮೂರು ವರ್ಷದಿಂದ ಒಂದು ಬಿಲ್ಲು ಇತ್ತು. ಕೆಲಸ ಮುಗಿಸಿ ಬಂದು ಸಂಜೆ ಮನೆಯ ಹಿಂದಿನ ಗಾಳಿಮರಗಳ ನಡುವೆ ದಿನಾ ಮೂವತ್ತು ಬಾಣ ಹೊಡೆಯುತ್ತಿದ್ದಳು.

ಈ ವರ್ಷ ಬಾಣಗಳು ಚದುರತೊಡಗಿದವು. ಹೆದೆ ಬೆರಳಿನಿಂದ ಯಾವಾಗ ಜಾರುತ್ತದೆಂದು ತಿಳಿಯುತ್ತಿರಲಿಲ್ಲ. ಕೆಲವೊಮ್ಮೆ ಪೂರ್ತಿ ಎಳೆಯುವ ಮೊದಲೇ ಹೋಗುತ್ತಿತ್ತು, ಕೆಲವೊಮ್ಮೆ ಎಳೆದು ತೋಳು ನಡುಗುವವರೆಗೂ ಉಳಿಯುತ್ತಿತ್ತು. ಅಕ್ಟೋಬರಿನಲ್ಲಿ ಅನಂತಮೂರ್ತಿ ಒಂದು ಸಣ್ಣ ಪೊಟ್ಟಣ ತಂದರು. ಒಳಗೆ ಉಗುರಿನಷ್ಟು ಅಗಲದ ಉಕ್ಕಿನ ಪಟ್ಟಿ, ಒಂದು ಗೇಣು ದಾರ. ಪಟ್ಟಿಯನ್ನು ಬಿಲ್ಲಿನ ಮೇಲಿನ ತೋಳಿಗೆ ಅಂಟಿಸಿ, ದಾರದ ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ಹೆದೆಗೂ ಕಟ್ಟಬೇಕು. ಹೆದೆ ಪೂರ್ತಿ ಬಂದಾಗ ದಾರ ಬಿಗಿದು ಪಟ್ಟಿ ‘ಟಿಕ್’ ಎನ್ನುತ್ತದೆ. ರಾಜ್ಯದ ಕೂಟದಲ್ಲಿ ಇದಕ್ಕೆ ಒಪ್ಪುತ್ತಾರೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ. ಕ್ಲಬ್ಬಿನ ಆಯ್ಕೆಗೆ ಅಡ್ಡಿಯಿಲ್ಲ ಎಂದರು.

“ಟಿಕ್ ಅಂದ್ರೆ ಬಿಡು,” ಎಂದರು. “ಬೆರಳನ್ನ ಕೇಳೂಕೆ ಹೋಗ್ಬೇಡ.”

ಅವಳು ಬೆರಳನ್ನು ಕೇಳಲಿಲ್ಲ. ಮೊದಲ ವಾರ ಶಬ್ದಕ್ಕೆ ಬೆಚ್ಚುತ್ತಿದ್ದಳು. ಎರಡನೆಯ ವಾರ ಅದಕ್ಕೆ ಕಾಯುವುದು ರೂಢಿಯಾಯಿತು. ಮೂರನೆಯ ವಾರದ ಹೊತ್ತಿಗೆ ಎಳೆಯುವುದು, ಟಿಕ್, ಬಿಡುವುದು, ಇಷ್ಟೇ ಉಳಿಯಿತು. ಬಾಣಗಳು ಗುರಿಹಲಗೆಯ ನಡುವಿನ ಹಳದಿಯಲ್ಲಿ ಗುಂಪುಗೂಡಿದವು. ಖುಷಿಯಾಯಿತೇ ಎಂದು ಕಿಶನ ಕೇಳಿದ. ಸರಿಯಾಗಿ ಬೀಳ್ತಾ ಅದೆ ಎಂದಷ್ಟೇ ಹೇಳಿದಳು.

ಆಯ್ಕೆಯ ಹಿಂದಿನ ದಿನ, ಬೆರಳಿಗೆ ಮುಳ್ಳು ಹೊಕ್ಕ ಆ ಶನಿವಾರದ ಸಂಜೆ, ನೋಡಿದರೆ ದಾರ ಪಟ್ಟಿಯ ಅಂಚಿಗೆ ಉಜ್ಜಿ ಎಳೆ ಬಿಟ್ಟಿತ್ತು. ಮನೆಯಲ್ಲಿ ಬಲೆ ದಾರಕ್ಕೆ ಬರವಿಲ್ಲ. ಅದೇ ದಪ್ಪದ ನೈಲಾನು ದಾರವೊಂದನ್ನು ಕತ್ತರಿಸಿ ಬಟ್ಟಲು ನೀರಿಗೆ ಹಾಕಿದಳು. ಏಳನೆಯ ವಯಸ್ಸಿನಲ್ಲಿ ಬಲೆ ಹೆಣೆಯಲು ಕೂರಿಸಿದಾಗ ಅಪ್ಪ ಮೊದಲು ಕಲಿಸಿದ್ದೇ ಅದು: ಒಣ ದಾರದ ಗಂಟು ನಿಲ್ಲುವುದಿಲ್ಲ. ಅರ್ಧ ಗಂಟೆ ನೆನೆಸಿ ತೆಗೆದು, ಹಳೆಯದರ ಅಳತೆಗೇ ಕಟ್ಟಿದಳು. ಆರು ಬಾಣ ಹೊಡೆದು ನೋಡಿದಳು. ಆರೂ ಸರಿಯಾಗಿ ಬಿದ್ದವು.

ಆಯ್ಕೆ ನಡೆದದ್ದು ತೋಡೂರಿನ ಮೈದಾನದಲ್ಲಿ, ಭಾನುವಾರ ಹನ್ನೊಂದು ಗಂಟೆಗೆ. ಒಂಬತ್ತು ಹೆಂಗಸರು. ಮೂವತ್ತು ಮೀಟರ್ ದೂರ, ಆರಾರರಂತೆ ಮೂವತ್ತಾರು ಬಾಣ. ಬಿಸಿಲು ಚುರುಕಾಗಿತ್ತು. ಮೊದಲ ಸುತ್ತಿನ ಬಾಣಗಳೆಲ್ಲ ಹಳದಿಯ ಕೆಳಗೆ, ಕೆಂಪಿನಲ್ಲೂ ನೀಲಿಯಲ್ಲೂ ಬಿದ್ದವು. ಎರಡನೆಯ ಸುತ್ತಿನವು ಇನ್ನೂ ಕೆಳಗೆ. ಮೂರನೆಯದರಲ್ಲಿ ಎರಡು ನೀಲಿಯಾಚೆಗಿನ ಕಪ್ಪಿಗೆ ಇಳಿದವು. ವೈಜಯಂತಿ ಏನನ್ನೂ ಬದಲಿಸಲಿಲ್ಲ. ಟಿಕ್ ಅಂದಿತ್ತು, ಬಿಟ್ಟಿದ್ದಳು.

ಬಾಣ ಕಿತ್ತು ತರುವ ಹೊತ್ತಿಗೆ ಅನಂತಮೂರ್ತಿ ಗೆರೆಯ ಬಳಿ ಬಂದು ನಿಂತಿದ್ದರು. ಪೂರ್ತಿ ಎಳೆದಾಗ ಬಾಯಿಯ ಮೂಲೆಗೆ ಮುಟ್ಟಬೇಕಾದ ಹೆದೆ ಮುಟ್ಟುತ್ತಲೇ ಇಲ್ಲ, ಅದಾದರೂ ತಿಳಿಯಲಿಲ್ಲವೇ ಎಂದು ಕೇಳಿದರು. ತುಟಿಗೆ ತಿಳಿದಿತ್ತು. ಮೊದಲ ಬಾಣಕ್ಕೇ ತಿಳಿದಿತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅನ್ನಿಸಿರಲಿಲ್ಲ.

ಅವರು ದಾರವನ್ನು ಉಗುರಿನಿಂದ ಮೀಟಿ ನೋಡಿದರು.

“ಇದು ನಾ ಕೊಟ್ಟ ದಾರ ಅಲ್ಲ.”

“ಬಲೆ ದಾರ.”

“ನೆನೆಸಿ ಕಟ್ಟಿದ್ಯಾ?”

“ಒಣ ದಾರಕ್ಕೆ ಯಾರು ಗಂಟು ಹಾಕ್ತಾರೆ ಮಾಸ್ತರ್ರೆ?”

ಅನಂತಮೂರ್ತಿ ಆದದ್ದನ್ನು ಬಿಡಿಸಿ ಹೇಳಿದರು. ನೆನೆದ ನೈಲಾನು ಹಿಗ್ಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ. ಬಲೆಯಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ, ಬಲೆ ಮತ್ತೆ ನೀರಿಗೇ ಹೋಗುತ್ತದೆ. ಇಲ್ಲಿ ರಾತ್ರಿಯೇ ಆರತೊಡಗಿದ್ದ ದಾರ ಬಿಸಿಲಿಗೆ ಪೂರ್ತಿ ಒಣಗಿ ಬಿಗಿಯಾದಂತೆಲ್ಲ ಟಿಕ್ ಮೊದಲೇ ಬರುತ್ತಿತ್ತು. ಅರ್ಧ ಬೆರಳಗಲ ಕಡಿಮೆ ಎಳೆದು ಅವಳು ಹದಿನೆಂಟು ಬಾಣ ಬಿಟ್ಟಿದ್ದಳು.

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಪ್ರಗತಿ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದಳು. ಕಾರವಾರದಲ್ಲಿ ಕಾಲೇಜಿಗೆ ಹೋಗುವ ತೋಡೂರಿನ ಹುಡುಗಿ ಅವಳು. ವೈಜಯಂತಿ ಹಿಂದೆ ಬಿದ್ದರೆ ಮೂರನೆಯ ಜಾಗ ಅವಳದೇ.

“ಅಕ್ಕಾ, ನೀರು ಹಾಕಿ ನೋಡಿ.”

“ಅರ್ಧ ತಾಸು ಬೇಕು ಅದಕ್ಕೆ,” ಎಂದಳು ವೈಜಯಂತಿ. ಮುಂದಿನ ಸುತ್ತಿಗೆ ಎರಡು ನಿಮಿಷವಿತ್ತು. ಬೇರೆ ದಾರ ಯಾರ ಬಳಿಯೂ ಇರಲಿಲ್ಲ. ಅವಳು ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ ಜೇಬಿಗೆ ಹಾಕಿಕೊಂಡಳು.

ಉಳಿದ ಹದಿನೆಂಟು ಬಾಣಗಳನ್ನು ಬರಿಯ ಬಿಲ್ಲಿನಲ್ಲಿ ಹೊಡೆದಳು. ಹೆದೆಯನ್ನು ಬಾಯಿಯ ಮೂಲೆಗೆ ತಂದು, ಮೂರರವರೆಗೆ ಎಣಿಸಿ, ಕೈ ಬಿಚ್ಚಿದೆನೆಂದು ನಂಬುವುದು. ಎರಡು ಬಾಣ ಗುರಿಹಲಗೆಯ ಹೊರಗೆ ಹೋದವು. ಏಳು ಹಳದಿಗೆ ಬಿದ್ದವು. ಹೊಡೆದು ಮುಗಿಸಿ ಕೈ ನೋಡಿಕೊಂಡಾಗ ಬೆಳಗ್ಗೆ ಹೊಸದಾಗಿ ಸುತ್ತಿದ್ದ ಪ್ಲಾಸ್ಟರ್ ಎಲ್ಲೋ ಬಿದ್ದುಹೋಗಿತ್ತು.

ಅನಂತಮೂರ್ತಿ ಅಂಕ ಕೂಡಿಸಿ ಓದಿದರು. ಪ್ರಗತಿ ಮೂರನೆಯವಳು. ವೈಜಯಂತಿ ಅವಳಿಗಿಂತ ಐದು ಅಂಕ ಹಿಂದೆ, ನಾಲ್ಕನೆಯವಳು. ಹುಡುಗಿ ಬಂದು ಪಕ್ಕದಲ್ಲಿ ನಿಂತಳು. ವೈಜಯಂತಿಯೇ ಬಿಲ್ಲಿನ ಬಗ್ಗೆ ಹೇಳಿದಳು: ಕೆಳಗಿನ ತೋಳು ಸ್ವಲ್ಪ ಮೆತ್ತಗಿದೆ, ಹೆದೆ ಏರಿಸುವಾಗ ಮೊಣಕಾಲು ಕೊಡಬೇಡ, ಮಳೆಗಾಲದಲ್ಲಿ ಗೋಡೆಗೆ ಒರಗಿಸಿ ಇಡಬೇಡ.

ಮಂಗಳವಾರ ಸಂಜೆ ಪ್ರಗತಿ ಬೆಳಂಬಾರಕ್ಕೆ ಬಂದು ಬಿಲ್ಲು ತೆಗೆದುಕೊಂಡು ಹೋಗುತ್ತಾಳೆ.