ಹುಲ್ಲು ಬಿತ್ತಿದ ಒಡ್ಡು

ಊರೆಲ್ಲ ಹುಲ್ಲು ಕೀಳುವಾಗ ಹುಲ್ಲು ಬಿತ್ತಿದವರು ನಾನು ಮತ್ತು ನನ್ನ ಮೊಮ್ಮಗಳು. ಇದನ್ನು ಹೇಳದೆ ನನಗೆ ಇವತ್ತು ಊಟ ಸೇರುವುದಿಲ್ಲ.

ನಾನು ಸೊಸೆಯಾಗಿ ಬಂದಾಗ ಸಿಂದಗಿ ಕಡೆಯ ನಮ್ಮ ಎರೆಹೊಲದ ಒಡ್ಡಿನ ಮೇಲೆ ಮೊಣಕಾಲೆತ್ತರ ಕರಡ ಹುಲ್ಲು ನಿಂತಿರುತ್ತಿತ್ತು. ಜೋಳ ಕೊಯ್ದ ಮೇಲೆ ಕುರಿಗಾರ ಬರುತ್ತಿದ್ದ. ಅವನ ಕುರಿಗಳು ಹಗಲೆಲ್ಲ ಒಡ್ಡಿನ ಕರಡ ಮೇಯ್ದು ಹೊಲದಲ್ಲೇ ಮಲಗುತ್ತಿದ್ದವು, ದಿನಕ್ಕೊಂದು ಜಾಗ. ಬೆಳಿಗ್ಗೆ ನಮ್ಮತ್ತೆ ಹಿಕ್ಕೆಯ ಮೇಲೆ ಬರಿಗಾಲಲ್ಲಿ ನಡೆದು, ‘ನೆಲದ ಹೊಟ್ಟಿ ತುಂಬೇತಿ ನೋಡ’ ಎನ್ನುತ್ತಿದ್ದರು. ಆ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ಅತ್ತೆ ಹೋದ ಮೇಲೆ ಆ ಒಡ್ಡು ಒಡೆಸಿದವಳು ನಾನೇ. ಇನ್ನೂ ನಾಲ್ಕು ಸಾಲು ಜೋಳ ಬರುತ್ತದೆಂಬ ಆಸೆ. ಮರುವರ್ಷ ಕುರಿಗಾರ ಬಂದು ನೋಡಿ, ‘ನಿಮ್ಮ ಹೊಲ ಉಣಬೇಕು, ನನ್ನ ಕುರಿ ಉಪಾಸ ಇರಬೇಕೇನ್ರಿ ಅಕ್ಕಾರ?’ ಎಂದು ಹೋದವನು ತಿರುಗಿ ಬರಲಿಲ್ಲ. ಚೀಲದ ಗೊಬ್ಬರ ಸುರಿದೆವು. ತೆನೆ ವರ್ಷವರ್ಷಕ್ಕೂ ಸಣ್ಣದಾಯಿತು. ತಪ್ಪು ನನ್ನದೆಂದು ಯಾರ ಮುಂದೂ ಬಾಯಿ ಬಿಡಲಿಲ್ಲ.

ಮೊಮ್ಮಗಳ ಮುಂದೆ ಬಿಟ್ಟೆ. ಈಗ ಹೊಲ ನೋಡಿಕೊಳ್ಳುವವಳು ಅವಳೇ. ‘ಹಂಗಾರ ಕರಡ ಬಿತ್ತೂಣು, ನಡಿ ಆಯಿ’ ಎಂದಳು. ಇಬ್ಬರೂ ಊರಾಚೆಯ ಬೀಳು ಮಡ್ಡಿಗೆ ಹೋಗಿ ಬೀಜ ಉದುರಿಸಿಕೊಂಡು ಬಂದೆವು. ನನ್ನ ಸೆರಗಿನ ತುಂಬ ಮುಳ್ಳೇ ಮುಳ್ಳು. ಒಡ್ಡು ಕಟ್ಟಿ ಬಿತ್ತುವಾಗ ಬಾಜೂ ಹೊಲದವನು ನಕ್ಕ.

‘ಆಯಿ, ಕಸಾ ಬಿತ್ತಾಕತ್ತೀರಲ್ಲ! ನಮ್ಮ ಹೊಲದಾಗಿಂದೂ ಕಿತ್ತು ಕೊಡ್ಲೇನ್ರಿ?’

‘ಕಿತ್ತು ತಗೊಂಡ ಬಾ, ಚಾ ಕೊಡ್ತೇನಿ’ ಎಂದೆ.

ಎರಡು ಮಳೆಗಾಲ ಕಾದೆವು. ಈ ಬೇಸಿಗೆ ಕರಡ ಮೊಣಕಾಲಿಗೆ ಬಂತು. ಮೊಮ್ಮಗಳು ದೇವಣಗಾಂವದ ತನಕ ಹೋಗಿ ಅದೇ ಕುರಿಗಾರನನ್ನು ಹುಡುಕಿ ಕರೆದಳು. ‘ನೋಡತೇನಿ’ ಎಂದನಂತೆ, ಅಷ್ಟೇ.

ನಿನ್ನೆ ಬಂದ. ಮೀಸೆ ಬೆಳ್ಳಗಾಗಿದೆ. ಒಡ್ಡಿನುದ್ದಕ್ಕೂ ನಡೆದ. ಒಂದು ಎಸಳು ಕಿತ್ತು ಹಲ್ಲಿನಲ್ಲಿ ಕಡಿದ. ಒಲ್ಲೆ ಎಂದುಬಿಟ್ಟರೆ? ಆಮೇಲೆ ತನ್ನವರ ಕಡೆ ತಿರುಗಿ, ‘ಕುರಿ ಇಲ್ಲೇ ಮಲಗ್ಲಿ, ಹೊಡೀರಿ ಗೂಟಾ!’ ಎಂದು ಕೂಗಿದ.

‘ಅಕ್ಕಾರ, ಇನ್ನೊಮ್ಮಿ ಒಡ್ಡು ಒಡಸ್ಬ್ಯಾಡ್ರಿ ಮತ್ತ.’

‘ನನ್ನ ಕೈಯಾಗ ಎಲ್ಲೈತೋ ತಮ್ಮಾ, ಎಲ್ಲಾ ಈಕಿ ಕೈಯಾಗೈತಿ’ ಎಂದೆ. ಮೊಮ್ಮಗಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು, ಥೇಟ್ ನಮ್ಮತ್ತೆಯಂತೆ.

ಇವತ್ತು ಬೆಳಿಗ್ಗೆ ಚಪ್ಪಲಿ ಬಿಟ್ಟು ಹಿಕ್ಕೆಯ ಮೇಲೆ ಮೂರು ಸುತ್ತು ನಡೆದು ಬಂದಿದ್ದೇನೆ. ಕಾಲು ಇನ್ನೂ ತೊಳೆದಿಲ್ಲ.